ಯಕೃತ್ತಿನ ಅಡಿಯ ಒಂದು ತ್ರಿಕೋನ

1953ರ ಏಪ್ರಿಲ್ 12ರಂದು ಲಂಡನ್ನಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವ ಆಂಟನಿ ಈಡನ್ ಅವರಿಗೆ ಶಸ್ತ್ರಕ್ರಿಯೆ ನಡೆಯಿತು. ಪದೇ ಪದೇ ಕಾಡುತ್ತಿದ್ದ ಹೊಟ್ಟೆನೋವಿಗೆ ಪಿತ್ತಕೋಶದ ಕಲ್ಲು ಕಾರಣವೆಂದು ಗೊತ್ತಾಗಿತ್ತು. ಪಿತ್ತಕೋಶವನ್ನೇ ತೆಗೆದುಹಾಕಿದರೆ ತೊಂದರೆ ಮುಗಿಯಿತು ಎಂಬುದು ವೈದ್ಯರ ಲೆಕ್ಕ. ಆ ಹೊತ್ತಿಗೆ ಎಪ್ಪತ್ತು ವರ್ಷಗಳಿಂದ ನಡೆದುಬಂದಿದ್ದ ಶಸ್ತ್ರಕ್ರಿಯೆ ಅದು. ಈಡನ್‌ಗೆ ಆಗ 55 ವರ್ಷ. ವಯಸ್ಸಾದ ಚರ್ಚಿಲ್ ಇಂದೋ ನಾಳೆಯೋ ಇಳಿದರೆ ಪ್ರಧಾನಿಯ ಕುರ್ಚಿ ಈಡನ್‌ಗೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಆದರೆ ಪಿತ್ತಕೋಶದ ಜೊತೆಗೆ ಮುಟ್ಟಬಾರದ ಇನ್ನೊಂದು ನಾಳಕ್ಕೂ ಪೆಟ್ಟು ಬಿದ್ದಿತ್ತು. ಜ್ವರ ಬಂತು, ಕಾಮಾಲೆ ಬಂತು. ಅದೇ ತಿಂಗಳ ಕೊನೆಗೆ ಮತ್ತೊಮ್ಮೆ ಹೊಟ್ಟೆ ತೆರೆಯಬೇಕಾಯಿತು. ಅದೂ ಸಾಲದೆ ಜೂನ್ ತಿಂಗಳಲ್ಲಿ ಈಡನ್ ಅಟ್ಲಾಂಟಿಕ್ ದಾಟಿ ಅಮೆರಿಕದ ಬಾಸ್ಟನ್ನಿಗೆ ಹೋದರು. ಪಿತ್ತನಾಳಗಳ ದುರಸ್ತಿಯಲ್ಲಿ ಹೆಸರು ಮಾಡಿದ್ದ ರಿಚರ್ಡ್ ಕ್ಯಾಟೆಲ್ ಅಲ್ಲಿ ಮೂರನೆಯ ಬಾರಿ ಶಸ್ತ್ರಕ್ರಿಯೆ ನಡೆಸಿ ಜೀವ ಉಳಿಸಿದರು. ಈಡನ್ ಇನ್ನೂ ಅಮೆರಿಕದಲ್ಲಿ ಹಾಸಿಗೆ ಹಿಡಿದಿದ್ದಾಗಲೇ, ಜೂನ್ 23ರಂದು, ಲಂಡನ್ನಿನಲ್ಲಿ ಚರ್ಚಿಲ್‌ಗೆ ಪಾರ್ಶ್ವವಾಯು ಬಡಿಯಿತು. ಉತ್ತರಾಧಿಕಾರಿ ಊರಿನಲ್ಲಿರಲಿಲ್ಲ. ಚರ್ಚಿಲ್ ಚೇತರಿಸಿಕೊಂಡು ಇನ್ನೂ ಸುಮಾರು ಎರಡು ವರ್ಷ ಅಧಿಕಾರದಲ್ಲಿ ಮುಂದುವರಿದರು.

ಇಷ್ಟೆಲ್ಲ ನಡೆದದ್ದು ಯಕೃತ್ತಿನ, ಅಂದರೆ ಲಿವರಿನ, ಅಡಿಯಲ್ಲಿರುವ ಬೆರಳ ತುದಿಯಷ್ಟು ಜಾಗದ ಆಸುಪಾಸಿನಲ್ಲಿ. ಆ ಜಾಗಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ. ಅದು ಕಾಲೊ ತ್ರಿಕೋನ.

ಯಕೃತ್ತಿನಲ್ಲಿ ತಯಾರಾಗುವ ಪಿತ್ತರಸ ಒಂದು ದೊಡ್ಡ ನಾಳದ ಮೂಲಕ ಕೆಳಗಿಳಿದು ಸಣ್ಣ ಕರುಳನ್ನು ಸೇರುತ್ತದೆ. ಈ ಕಾಲುವೆಯ ಪಕ್ಕಕ್ಕೆ ಒಂದು ಕಿರುನಾಳ ಕವಲೊಡೆಯುತ್ತದೆ. ಕಿರುನಾಳದ ತುದಿಯಲ್ಲಿ ಪುಟ್ಟ ಬದನೆಕಾಯಿಯ ಆಕಾರದ ಚೀಲವೊಂದು ತೂಗುತ್ತದೆ. ಅದೇ ಪಿತ್ತಕೋಶ. ಊಟವಿಲ್ಲದ ಹೊತ್ತಿನಲ್ಲಿ ಪಿತ್ತರಸ ಅಲ್ಲಿ ಶೇಖರವಾಗುತ್ತದೆ, ಗಟ್ಟಿಯಾಗುತ್ತದೆ, ಕೆಲವರಲ್ಲಿ ಕಲ್ಲು ಕಟ್ಟುತ್ತದೆ. ಪಿತ್ತಕೋಶ ತೆಗೆಯಬೇಕಾದರೆ ಎರಡನ್ನು ಮಾತ್ರ ಕಟ್ಟಿ ಕತ್ತರಿಸಬೇಕು: ಆ ಕಿರುನಾಳ, ಮತ್ತು ಚೀಲಕ್ಕೆ ರಕ್ತ ಒಯ್ಯುವ ಸಣ್ಣ ಅಪಧಮನಿ. ದೊಡ್ಡ ನಾಳವನ್ನು ಕತ್ತರಿಸಿದರೆ ಪಿತ್ತರಸ ಹೊಟ್ಟೆಯೊಳಗೆ ಸೋರುತ್ತದೆ. ಕಟ್ಟಿಬಿಟ್ಟರೆ ಹಿಂದಕ್ಕೆ ಒತ್ತಿ ಯಕೃತ್ತನ್ನು ಕೆಡಿಸುತ್ತದೆ. ಇಷ್ಟು ಸರಳ. ಕಷ್ಟವೆಂದರೆ ನಾಳಗಳು ಪಠ್ಯಪುಸ್ತಕದ ಚಿತ್ರದಲ್ಲಿರುವಂತೆ ಹಸಿರು, ಕೆಂಪು ಬಣ್ಣ ಬಳಿದುಕೊಂಡು ಕುಳಿತಿರುವುದಿಲ್ಲ. ಎಲ್ಲವೂ ಕೊಬ್ಬಿನಲ್ಲಿ ಹುದುಗಿರುತ್ತವೆ. ಉರಿಯೂತವಾಗಿದ್ದರೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ದೊಡ್ಡ ನಾಳ ಎಂದರೂ ಅದರ ಅಗಲ ಕೆಲವೇ ಮಿಲಿಮೀಟರ್.

ಹೀಗೆ ಕತ್ತಿ ಎಲ್ಲಿ ನಿಲ್ಲಬೇಕು ಎಂದು ಗುರುತಿಸಲು ಶಸ್ತ್ರವೈದ್ಯರು ಎಳೆದುಕೊಂಡ ಗೆರೆಗಳೇ ದೇಹದೊಳಗಿನ ತ್ರಿಕೋನಗಳು. ನಿಸರ್ಗವೇ ತ್ರಿಕೋನವಾಗಿ ಮಾಡಿದ ಅಂಗಗಳೂ ಇಲ್ಲದಿಲ್ಲ. ಚುಚ್ಚುಮದ್ದು ತೆಗೆದುಕೊಳ್ಳುವ ಭುಜದ ಸ್ನಾಯುವಿಗೆ ಗ್ರೀಕ್ ಅಕ್ಷರ ಡೆಲ್ಟಾದ ಹೆಸರು ಬಂದಿರುವುದು ಅದರ ಆಕಾರದಿಂದಲೇ. ಬೆನ್ನುಮೂಳೆಯ ಬುಡದ ಎಲುಬೂ ತ್ರಿಕೋನಾಕಾರದ್ದು. ನಮ್ಮಲ್ಲಿ ಅದಕ್ಕೆ ತ್ರಿಕಾಸ್ಥಿ ಎನ್ನುತ್ತಾರೆ. ಆದರೆ ಅಂಗರಚನಾಶಾಸ್ತ್ರದ ಪುಸ್ತಕಗಳಲ್ಲಿ ಸಿಗುವ ಬಹುಪಾಲು ತ್ರಿಕೋನಗಳು ಅಂಗಗಳಲ್ಲ, ಪ್ರದೇಶಗಳು. ಮೂರು ಹಗ್ಗಗಳು ಓರೆಯಾಗಿ ಒಂದರ ಮೇಲೊಂದು ಹಾಯ್ದಾಗ ನಡುವೆ ಉಳಿಯುವ ಜಾಗ ತ್ರಿಕೋನವೇ ಆಗಿರುತ್ತದೆ. ದೇಹದ ತುಂಬ ಇಂಥ ಹಗ್ಗಗಳು: ಸ್ನಾಯು, ನರ, ನಾಳ. ಯಾವ ಮೂರನ್ನು ಆರಿಸಿ ಗಡಿ ಎಂದು ಕರೆಯಬೇಕು ಎಂಬುದು ಮಾತ್ರ ಮನುಷ್ಯನಿಗೆ ಬಿಟ್ಟದ್ದು.

ಆ ಆಯ್ಕೆಯ ಹಿಂದೆ ಸಾಮಾನ್ಯವಾಗಿ ಒಂದು ಅಪಾಯವಿರುತ್ತದೆ. ತೊಡೆಸಂದಿಯ ಕೆಳಗೆ ದೊಡ್ಡ ಅಪಧಮನಿ ಚರ್ಮದ ಸಮೀಪಕ್ಕೆ ಬರುವ ಜಾಗಕ್ಕೆ ಇಟಲಿಯ ಆಂಟೋನಿಯೊ ಸ್ಕಾರ್ಪಾ ಅವರ ಹೆಸರಿದೆ. ಮಂಡಿಯ ಹಿಂದೆ ಅಪಧಮನಿ ಊದಿಕೊಂಡರೆ ಕಾಲು ಕತ್ತರಿಸುವುದೇ ಗತಿ ಎನ್ನುವ ಕಾಲವೊಂದಿತ್ತು. ಲಂಡನ್ನಿನ ಜಾನ್ ಹಂಟರ್ 1785ರಲ್ಲಿ ಒಬ್ಬ ಸಾರೋಟು ಚಾಲಕನ ತೊಡೆಯಲ್ಲೇ ಅಪಧಮನಿಯನ್ನು ಕಟ್ಟಿ ಕಾಲನ್ನು ಉಳಿಸಿದರು. ಹಾಗೆ ಕಟ್ಟಲು ಸರಿಯಾದ ಜಾಗ ಯಾವುದು ಎಂಬ ಚರ್ಚೆಯಲ್ಲಿ ಸ್ಕಾರ್ಪಾ ತ್ರಿಕೋನಕ್ಕೆ ಮಹತ್ವ ಬಂತು. ಮುಂದೆ ಹೃದಯದ ಆಂಜಿಯೋಗ್ರಾಂ ಮಾಡುವವರು ಕೊಳವೆ ತೂರಿಸಲು ಆರಿಸಿಕೊಂಡದ್ದೂ ಇದೇ ಜಾಗವನ್ನು. ಈಗೀಗ ಮಣಿಕಟ್ಟಿನ ದಾರಿ ಹೆಚ್ಚು ಬಳಕೆಯಲ್ಲಿದೆ. ಅಂದಹಾಗೆ, 1832ರಲ್ಲಿ ಸ್ಕಾರ್ಪಾ ಸತ್ತ ಮೇಲೆ ಅವರ ತಲೆಯನ್ನೇ ಬೇರ್ಪಡಿಸಿ ಕಾಪಿಡಲಾಯಿತು. ಜೀವಮಾನವಿಡೀ ಹೆಣ ಕೊಯ್ದವರ ತಲೆ ಈಗ ಪಾವಿಯಾ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿದೆ.

ಕೆಳಹೊಟ್ಟೆಯಲ್ಲಿ ಹರ್ನಿಯಾ ನುಗ್ಗಿಬರುವ ದುರ್ಬಲ ಜಾಗಕ್ಕೆ ಜರ್ಮನಿಯ ಫ್ರಾಂಟ್ಸ್ ಹೆಸ್ಸೆಲ್ಬಾಖ್ ಹೆಸರಿದೆ. ಮೂಗಿನ ಬುಡದಿಂದ ತುಟಿಯ ಎರಡು ಅಂಚಿನವರೆಗಿನ ಮುಖಭಾಗಕ್ಕೆ ಯಾರ ಹೆಸರೂ ಇಲ್ಲ. ಅದನ್ನು 'ಅಪಾಯದ ತ್ರಿಕೋನ' ಎಂದೇ ಕರೆಯುತ್ತಾರೆ. ಅಲ್ಲಿನ ರಕ್ತನಾಳಗಳಿಗೆ ಮಿದುಳಿನ ಬುಡದ ನಾಳಗಳ ಜೊತೆ ಸಂಪರ್ಕವಿದೆ. ಮೂಗಿನ ಮೇಲಿನ ಗುಳ್ಳೆ ಹಿಸುಕಬೇಡ ಎಂದು ಮನೆಯ ಹಿರಿಯರು ಗದರುವುದರಲ್ಲಿ ಅರ್ಥವಿದೆ. ಪೆನಿಸಿಲಿನ್ ಬರುವ ಮುನ್ನ ಅಲ್ಲಿಂದ ಸೋಂಕು ಒಳಗೆ ಹಬ್ಬಿದರೆ ಬದುಕುಳಿಯುವುದು ಅಪರೂಪವಾಗಿತ್ತು.

ಹೃದಯದೊಳಗೂ ಒಂದಿದೆ, ಕೊಖ್ ತ್ರಿಕೋನ. ಬಲ ಮೇಲ್ಕೋಣೆಯ ಈ ಜಾಗದಲ್ಲಿ ಮಿಡಿತದ ಸಂಕೇತವನ್ನು ಕೆಳಕ್ಕೆ ದಾಟಿಸುವ ಗಂಟು ಅಡಗಿದೆ. ಜಪಾನಿನ ಸುನಾವೊ ತವಾರಾ 1906ರಲ್ಲಿ ಅದನ್ನು ಸೂಕ್ಷ್ಮದರ್ಶಕದಡಿ ಪತ್ತೆಹಚ್ಚಿ ವಿವರಿಸಿದ್ದರು. ಬರಿಗಣ್ಣಿಗೆ ಅದು ಕಾಣದು. 1950ರ ದಶಕದಲ್ಲಿ ಮಕ್ಕಳ ಹೃದಯದ ರಂಧ್ರ ಮುಚ್ಚತೊಡಗಿದ ಶಸ್ತ್ರವೈದ್ಯರಿಗೆ ಇದರ ಬೆಲೆ ತಿಳಿಯಿತು. ಈ ಗಂಟಿಗೋ ಅದರಿಂದ ಹೊರಡುವ ಎಳೆಗೋ ಹೊಲಿಗೆ ತಗುಲಿದರೆ ರಂಧ್ರ ಮುಚ್ಚಿಯೂ ಮಗು ಉಳಿಯುತ್ತಿರಲಿಲ್ಲ. ಮಿನಿಯಾಪೊಲಿಸ್ ನಗರದಲ್ಲಿ ವಾಲ್ಟನ್ ಲಿಲ್ಲೆಹೈ ಇಂಥ ಮಕ್ಕಳ ಹೃದಯವನ್ನು ಗೋಡೆಯ ಪ್ಲಗ್ಗಿಗೆ ಜೋಡಿಸಿದ ಯಂತ್ರದಿಂದ ಮಿಡಿಸುತ್ತಿದ್ದರು. 1957ರ ಅಕ್ಟೋಬರ್ 31ರಂದು ಅಲ್ಲಿ ವಿದ್ಯುತ್ ಹೋಯಿತು. ಆ ಘಟನೆಯ ನಂತರ ಲಿಲ್ಲೆಹೈ ಕೇಳಿದ್ದಕ್ಕೆ ಅರ್ಲ್ ಬಾಕೆನ್ ಎಂಬ ತಂತ್ರಜ್ಞ ಕೆಲವೇ ವಾರಗಳಲ್ಲಿ ಮಾಡಿಕೊಟ್ಟದ್ದು ಬ್ಯಾಟರಿಯಿಂದ ನಡೆಯುವ, ರೋಗಿ ಹೊತ್ತು ತಿರುಗಬಹುದಾದ ಪೇಸ್‌ಮೇಕರ್.

ಇವೆಲ್ಲವುಗಳ ನಡುವೆ ಕಾಲೊ ತ್ರಿಕೋನದ ಕಥೆಯೇ ಬೇರೆ. ಗೆರೆ ಎಳೆದ ಮೇಲೂ ಕತ್ತಿ ತಪ್ಪುತ್ತಲೇ ಹೋದ ಜಾಗ ಅದು.

ಪಿತ್ತಕೋಶವನ್ನು ಮೊದಲು ತೆಗೆದವರು ಬರ್ಲಿನ್ನಿನ ಲಾಜರಸ್ ಆಸ್ಪತ್ರೆಯ ಕಾರ್ಲ್ ಲಾಂಗೆನ್‌ಬುಖ್. ದಿನಾಂಕ 1882ರ ಜುಲೈ 15. ಅದಕ್ಕೆ ಮೊದಲು ಪಿತ್ತಕೋಶಕ್ಕೆ ತೂತು ಮಾಡಿ ಕಲ್ಲು ತೆಗೆದು ಬಿಟ್ಟುಬಿಡುತ್ತಿದ್ದರು. ಕಲ್ಲು ಮತ್ತೆ ಕಟ್ಟುತ್ತಿತ್ತು. ಚೀಲವೇ ರೋಗದ ಮೂಲ, ಅದನ್ನೇ ತೆಗೆಯಬೇಕು ಎಂಬುದು ಲಾಂಗೆನ್‌ಬುಖ್ ವಾದ. ಪಿತ್ತಕೋಶವಿಲ್ಲದೆ ಮನುಷ್ಯ ಬದುಕಿಯಾನೆ ಎಂಬ ಪ್ರಶ್ನೆಗೆ ಅವರು ಆನೆ, ಕುದುರೆಗಳ ಕಡೆ ಬೊಟ್ಟು ಮಾಡಿದರು. ಅವಕ್ಕೆ ಹುಟ್ಟಾ ಪಿತ್ತಕೋಶವೇ ಇಲ್ಲ! ಶವಗಳ ಮೇಲೆ ಮೊದಲೇ ಅಭ್ಯಾಸ ಮಾಡಿಕೊಂಡಿದ್ದ ಅವರು, ನೋವು ತಾಳಲಾರದೆ ಮಾರ್ಫೀನಿಗೆ ದಾಸನಾಗಿದ್ದ 43 ವರ್ಷದ ರೋಗಿಯ ಮೇಲೆ ಕೈಯಿಟ್ಟರು. ರೋಗಿ ಗುಣವಾಗಿ ಮನೆಗೆ ಹೋದ.

ಎಂಟು ವರ್ಷಗಳ ನಂತರ, 1890ರಲ್ಲಿ, ಪ್ಯಾರಿಸ್ಸಿನಲ್ಲಿ 29 ವರ್ಷದ ಜಾನ್-ಫ್ರಾನ್ಸ್ವಾ ಕಾಲೊ ಈ ಹೊಸ ಶಸ್ತ್ರಕ್ರಿಯೆಯ ಬಗ್ಗೆ ವೈದ್ಯಪದವಿಗಾಗಿ ಪ್ರಬಂಧ ಬರೆದರು. ಕತ್ತಿ ಹಿಡಿದವನಿಗೆ ಒಳಗೆ ದಾರಿ ತಿಳಿಯಬೇಕಲ್ಲ? ಅದಕ್ಕಾಗಿ ಮೂರು ಗಡಿಗಳ ಒಂದು ಪುಟ್ಟ ತ್ರಿಕೋನವನ್ನು ಗುರುತಿಸಿದರು. ಒಂದು ಬದಿ ಪಿತ್ತಕೋಶದ ಕಿರುನಾಳ, ಇನ್ನೊಂದು ಬದಿ ಯಕೃತ್ತಿನಿಂದ ಇಳಿಯುವ ದೊಡ್ಡ ನಾಳ, ಮೂರನೆಯದು ಪಿತ್ತಕೋಶದ ಅಪಧಮನಿ.

ಸೋಜಿಗವೆಂದರೆ ಕಾಲೊ ಹೆಸರು ಮಾಡಿದ್ದು ಪಿತ್ತಕೋಶದಿಂದಲ್ಲ. ಉತ್ತರ ಫ್ರಾನ್ಸಿನ ಸಮುದ್ರತೀರದ ಬೆರ್ಕ್ ಎಂಬ ಊರಿಗೆ ಹೋದ ಅವರು ಬೆನ್ನುಮೂಳೆಯ ಕ್ಷಯದಿಂದ ಗೂನಾದ ಮಕ್ಕಳ ಚಿಕಿತ್ಸೆಗೆ ನಿಂತರು. ಅರಿವಳಿಕೆ ಕೊಟ್ಟು ಗೂನನ್ನು ಬಲವಾಗಿ ಒತ್ತಿ ನೆಟ್ಟಗೆ ಮಾಡಿ ಪ್ಲಾಸ್ಟರ್ ಕವಚ ತೊಡಿಸುವ ತಮ್ಮ ವಿಧಾನವನ್ನು 1896ರಲ್ಲಿ ಪ್ರಕಟಿಸಿ ಸುದ್ದಿಯಾದರು. ಆ ವಿಧಾನ ಹೆಚ್ಚು ಕಾಲ ಉಳಿಯಲಿಲ್ಲ. 1944ರಲ್ಲಿ ಕಾಲೊ ತೀರಿಕೊಂಡರು. ಮೂಳೆ ವೈದ್ಯರ ಹೆಸರನ್ನು ಜಗತ್ತಿನಾದ್ಯಂತ ಇಂದಿಗೂ ಜಪಿಸುತ್ತಿರುವವರು ಹೊಟ್ಟೆಯ ಶಸ್ತ್ರವೈದ್ಯರು!

ಇನ್ನೊಂದು ವಿಚಿತ್ರ ನೋಡಿ. ಕಾಲೊ ತ್ರಿಕೋನ ಎಂದು ಇಂದು ಬಹುಮಂದಿ ಕಲಿಯುವುದು ಕಾಲೊ ಬರೆದ ತ್ರಿಕೋನವನ್ನಲ್ಲ. ಮೂರನೆಯ ಗಡಿ ಅಪಧಮನಿಯಿಂದ ಯಕೃತ್ತಿನ ಕೆಳ ಅಂಚಿಗೆ ಸರಿದಿದೆ. ಬೇಲಿಯಾಗಿದ್ದ ಅಪಧಮನಿ ಈಗ ಹೊಲದ ಒಳಗಿದೆ. ಇದಕ್ಕೆ ಕಾರಣವೂ ಉಂಟು. ಈ ಅಪಧಮನಿ ಎಲ್ಲರಲ್ಲೂ ಒಂದೇ ಕಡೆ ಹುಟ್ಟುವುದಿಲ್ಲ. ಕೆಲವರಲ್ಲಿ ಎರಡಿರುತ್ತವೆ. ಯಕೃತ್ತಿಗೇ ಹೋಗುವ ದೊಡ್ಡ ಅಪಧಮನಿ ಒಮ್ಮೊಮ್ಮೆ ಬಳುಕಿ ಪಿತ್ತಕೋಶದ ಮಗ್ಗುಲಿಗೆ ಬಂದು ಮೋಸ ಮಾಡುತ್ತದೆ. ಕಿರುನಾಳವೂ ಅಷ್ಟೆ, ಕೆಲವರಲ್ಲಿ ದೊಡ್ಡ ನಾಳಕ್ಕೆ ಅಂಟಿಕೊಂಡೇ ಬಹುದೂರ ಸಾಗುತ್ತದೆ. ಓಡಾಡುವ ಗಡಿಯನ್ನು ನಂಬಿ ಬೇಲಿ ಹಾಕುವುದು ಹೇಗೆ? ಹೆಸ್ಸೆಲ್ಬಾಖ್ ತ್ರಿಕೋನಕ್ಕೂ ಇದೇ ಗತಿ. ಅವರು ಬರೆದ ತಳರೇಖೆ ಒಂದು, ಇಂದಿನ ಪುಸ್ತಕಗಳಲ್ಲಿರುವುದು ಇನ್ನೊಂದು. ಹೆಸರು ಉಳಿದು ಗಡಿ ಬದಲಾಗುವುದು ಭೂಪಟದಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ.

ಈಡನ್ ಕಡೆಗೆ ಮತ್ತೆ ಬರೋಣ. 1955ರ ಏಪ್ರಿಲ್‌ನಲ್ಲಿ ಅವರು ಕೊನೆಗೂ ಪ್ರಧಾನಿಯಾದರು. ದುರಸ್ತಿಯಾದ ಪಿತ್ತನಾಳ ಆಗಾಗ ಕಟ್ಟಿಕೊಂಡು ಸೋಂಕು ತಗುಲುತ್ತಿತ್ತು. ಇದ್ದಕ್ಕಿದ್ದಂತೆ ಚಳಿಜ್ವರ ಬರುತ್ತಿತ್ತು. 1956ರ ಜುಲೈ 26ರಂದು ಈಜಿಪ್ಟಿನ ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಬಿಕ್ಕಟ್ಟು ಬಿಗಿಯಾಗುತ್ತಿದ್ದ ಅಕ್ಟೋಬರ್ 5ರಂದು ಪತ್ನಿಯನ್ನು ನೋಡಲು ಆಸ್ಪತ್ರೆಗೆ ಹೋಗಿದ್ದ ಈಡನ್ ಅಲ್ಲೇ ಕುಸಿದರು. ಮೈಯ ಕಾವು 105 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ಅದೇ ತಿಂಗಳ ನಾಲ್ಕನೆಯ ವಾರ ಬ್ರಿಟನ್, ಫ್ರಾನ್ಸ್ ಮತ್ತು ಇಸ್ರೇಲ್ ಪ್ರತಿನಿಧಿಗಳು ಪ್ಯಾರಿಸ್ ಹೊರವಲಯದ ಸೆವ್ರ್‌ನಲ್ಲಿ ಗುಟ್ಟಾಗಿ ಸೇರಿ ದಾಳಿಯ ಒಪ್ಪಂದ ಮಾಡಿಕೊಂಡರು. ಅಕ್ಟೋಬರ್ 29ರಂದು ಇಸ್ರೇಲಿ ಸೇನೆ ಈಜಿಪ್ಟಿನೊಳಗೆ ನುಗ್ಗಿತು. ನೆಹರೂ ದಾಳಿಯನ್ನು ಖಂಡಿಸಿದರು. ಅಮೆರಿಕವೂ ಬೆನ್ನಿಗೆ ನಿಲ್ಲಲಿಲ್ಲ. ನವೆಂಬರ್ 6ರಂದು ಬ್ರಿಟನ್ ಯುದ್ಧ ನಿಲ್ಲಿಸಬೇಕಾಯಿತು. 1957ರ ಜನವರಿ 9ರಂದು ಅನಾರೋಗ್ಯದ ಕಾರಣ ನೀಡಿ ಈಡನ್ ರಾಜೀನಾಮೆ ಕೊಟ್ಟರು.

ಸೂಯೆಜ್ ದುಸ್ಸಾಹಸವನ್ನು ಪಿತ್ತನಾಳದ ತಲೆಗೆ ಕಟ್ಟುವುದು ಅತಿಯಾದೀತು. ಫ್ರಾನ್ಸಿಗೆ ಅದರದೇ ಉದ್ದೇಶಗಳಿದ್ದವು. ಸಾಮ್ರಾಜ್ಯ ಕಳೆದುಕೊಳ್ಳುತ್ತಿದ್ದ ಬ್ರಿಟನ್ನಿನ ಅಹಂಕಾರಕ್ಕೆ ಜ್ವರದ ನೆಪ ಬೇಕಿರಲಿಲ್ಲ. ಆದರೂ, ಸ್ವತಃ ವೈದ್ಯರೂ ಬ್ರಿಟನ್ನಿನ ಮಾಜಿ ವಿದೇಶಾಂಗ ಸಚಿವರೂ ಆದ ಡೇವಿಡ್ ಓವೆನ್ 2005ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದ ಲೇಖನದಲ್ಲಿ, ಈಡನ್ ಅವರ ಕಾಯಿಲೆ ಮತ್ತು ಅವರು ಸೇವಿಸುತ್ತಿದ್ದ ಉತ್ತೇಜಕ ಔಷಧಗಳು ನಿರ್ಧಾರಶಕ್ತಿಯ ಮೇಲೆ ಪರಿಣಾಮ ಬೀರಿದವೆಂದು ವಾದಿಸಿದ್ದಾರೆ. ತಳ್ಳಿಹಾಕುವ ಮಾತಲ್ಲ ಅದು.

ಈಡನ್ ಕಾಲದಲ್ಲಿ ಹೊಟ್ಟೆಯನ್ನು ಉದ್ದಕ್ಕೆ ಸೀಳಿ, ಬೆರಳಲ್ಲಿ ಮುಟ್ಟಿ ನೋಡಿ ಕೆಲಸ ಮಾಡುತ್ತಿದ್ದರು. 1985ರ ಸೆಪ್ಟೆಂಬರ್ 12ರಂದು ಜರ್ಮನಿಯ ಬೊಬ್ಲಿಂಗೆನ್‌ನಲ್ಲಿ ಎರಿಕ್ ಮ್ಯೂಹೆ ಸಣ್ಣ ತೂತುಗಳ ಮೂಲಕ ಲ್ಯಾಪ್ರೊಸ್ಕೋಪ್ ತೂರಿಸಿ ಪಿತ್ತಕೋಶವನ್ನು ಹೊರತೆಗೆದರು. ಮರುವರ್ಷ ಅಲ್ಲಿನ ಶಸ್ತ್ರವೈದ್ಯರ ಸಂಘದ ಮುಂದೆ ಅದನ್ನು ಮಂಡಿಸಿದಾಗ ಸಿಕ್ಕಿದ್ದು ಬಹುಪಾಲು ಕುಹಕ. 1992ರಲ್ಲಿ ಅದೇ ಸಂಘ ಅವರಿಗೆ ಪ್ರಶಸ್ತಿ ಕೊಟ್ಟಿತು. 1987ರಲ್ಲಿ ಫ್ರಾನ್ಸಿನ ಲಿಯೊನ್‌ನಲ್ಲಿ ಫಿಲಿಪ್ ಮೂರೆ ವಿಡಿಯೊ ಕ್ಯಾಮೆರಾದ ನೆರವಿನಿಂದ ಇದನ್ನೇ ಮಾಡಿದ ಮೇಲೆ ಸುದ್ದಿ ಕಾಡ್ಗಿಚ್ಚಿನಂತೆ ಹಬ್ಬಿತು. ಭಾರತಕ್ಕೆ ಇದನ್ನು ತಂದವರು ಮುಂಬೈಯ ಡಾ. ತೆಹೆಮ್ಟನ್ ಉದ್ವಾಡಿಯಾ, 1990ರಲ್ಲಿ. ಎರಡು ವಾರ ಮಲಗಬೇಕಾಗಿದ್ದ ರೋಗಿ ಒಂದೆರಡು ದಿನದಲ್ಲಿ ಮನೆಗೆ ನಡೆದುಹೋಗುವುದನ್ನು ಕಂಡ ಮೇಲೆ ಹಳೆಯ ವಿಧಾನ ಯಾರಿಗೆ ಬೇಕು?

ಆದರೆ ಪಿತ್ತನಾಳಕ್ಕೆ ಪೆಟ್ಟು ಬೀಳುವ ಪ್ರಕರಣಗಳು ಕಡಿಮೆಯಾಗಲಿಲ್ಲ, ಹೆಚ್ಚಿದವು. ಹೊಟ್ಟೆ ಸೀಳಿ ಮಾಡುತ್ತಿದ್ದಾಗ ಸಾವಿರಕ್ಕೆ ಒಂದೆರಡು ಇದ್ದದ್ದು ಹೊಸ ವಿಧಾನದ ಆರಂಭದ ವರ್ಷಗಳಲ್ಲಿ ನಾಲ್ಕೈದಕ್ಕೆ ಏರಿತು. ಸಾವಿರದಲ್ಲಿ ನಾಲ್ಕೈದು ಎಂದರೆ ಕಡಿಮೆ ಅನ್ನಿಸಬಹುದು. ಆದರೆ ವರ್ಷಕ್ಕೆ ಲಕ್ಷಗಟ್ಟಲೆ ಜನ ಈ ಶಸ್ತ್ರಕ್ರಿಯೆಗೆ ಒಳಗಾಗುತ್ತಾರೆ. ಪೆಟ್ಟು ತಿಂದವರಿಗೆ ಈಡನ್‌ಗೆ ಆದದ್ದೇ ಆಗುತ್ತದೆ, ಅದೂ ಬಾಸ್ಟನ್ನಿಗೆ ಹೋಗುವ ಅನುಕೂಲವಿಲ್ಲದೆ.

ಕಾರಣ ಹುಡುಕಿದಾಗ ಕಂಡದ್ದು ತ್ರಿಕೋನದ ಕಥೆಯೇ. ಹೊಸ ವಿಧಾನದಲ್ಲಿ ಪಿತ್ತಕೋಶವನ್ನು ಇಕ್ಕಳದಲ್ಲಿ ಹಿಡಿದು ಮೇಲಕ್ಕೆ ಎಳೆಯುತ್ತಾರೆ. ಅದರ ಕತ್ತನ್ನೂ ಅದೇ ದಿಕ್ಕಿಗೆ ಎಳೆದರೆ ಓರೆಯಾಗಿದ್ದ ಕಿರುನಾಳ ನೆಟ್ಟಗಾಗಿ, ಕೆಳಗಿನ ಮುಖ್ಯ ಪಿತ್ತನಾಳದ ಜೊತೆ ಒಂದೇ ಗೆರೆಯಲ್ಲಿ ನಿಲ್ಲುತ್ತದೆ. ಎರಡು ಬದಿಗಳ ನಡುವಿನ ಕೋನ ಮುಚ್ಚಿಹೋಗುತ್ತದೆ, ತ್ರಿಕೋನವೇ ಮಾಯ! ಪರದೆಯ ಮೇಲೆ ಒಂದೇ ನಾಳ ಕಾಣುತ್ತದೆ. ವೈದ್ಯ ಅದನ್ನು ಕಿರುನಾಳವೆಂದು ನಂಬಿ ಕತ್ತರಿಸುತ್ತಾನೆ. ಅಮೆರಿಕದ ಲಾರೆನ್ಸ್ ವೇ ಮತ್ತು ಸಂಗಡಿಗರು ಪಿತ್ತನಾಳಕ್ಕೆ ಪೆಟ್ಟಾದ 252 ಪ್ರಕರಣಗಳನ್ನು ಜಾಲಾಡಿ 2003ರಲ್ಲಿ ವರದಿ ಮಾಡಿದರು. ಶೇಕಡಾ 97ರಲ್ಲಿ ಮೂಲ ಕಾರಣ ಕೈಚಳಕದ ಕೊರತೆಯಲ್ಲ, ದೃಷ್ಟಿಭ್ರಮೆ. ಹಗ್ಗವನ್ನು ಹಾವೆಂದು ಕಂಡಂತೆ ಒಂದು ನಾಳವನ್ನು ಇನ್ನೊಂದೆಂದು ಕಂಡಿದ್ದರು. ಕಂಡದ್ದು ಖಚಿತವೆಂಬ ಭಾವನೆ ಎಷ್ಟು ಬಲವಾಗಿರುತ್ತದೆಂದರೆ, ಹಲವರಿಗೆ ಶಸ್ತ್ರಕ್ರಿಯೆ ಮುಗಿಯುವವರೆಗೂ ತಪ್ಪಿನ ಸುಳಿವೇ ಸಿಕ್ಕಿರಲಿಲ್ಲ.

ಅದಕ್ಕೂ ಮುನ್ನವೇ, 1995ರಲ್ಲಿ, ಅಮೆರಿಕದ ಸ್ಟೀವನ್ ಸ್ಟ್ರಾಸ್‌ಬರ್ಗ್ ಮತ್ತು ಸಹೋದ್ಯೋಗಿಗಳು ಒಂದು ನಿಯಮ ಸೂಚಿಸಿದ್ದರು. ನಾಳವನ್ನು ಹುಡುಕಿಕೊಂಡು ಹೋಗಬೇಡಿ. ತ್ರಿಕೋನವನ್ನು ಖಾಲಿ ಮಾಡಿ ಎಂಬುದು ಅದರ ತಿರುಳು. ಅಲ್ಲಿನ ಕೊಬ್ಬು, ನಾರುಗಳನ್ನೆಲ್ಲ ಬಿಡಿಸಬೇಕು. ಪಿತ್ತಕೋಶದ ಕೆಳಭಾಗವನ್ನು ಯಕೃತ್ತಿನಿಂದ ಬೇರ್ಪಡಿಸಬೇಕು. ಆಗ ಪಿತ್ತಕೋಶಕ್ಕೆ ಎರಡೇ ಎರಡು ಎಳೆಗಳು ಬಂದು ಸೇರುವುದು ಕಾಣಬೇಕು. ಮೂರು ಕಂಡರೂ ಕತ್ತರಿಸಬಾರದು, ಒಂದು ಕಂಡರೂ ಕತ್ತರಿಸಬಾರದು. ಕಾಲೊ ತಮ್ಮ ತ್ರಿಕೋನವನ್ನು ಅಪಧಮನಿ ಸಿಗುವ ವಿಳಾಸವೆಂದು ಬರೆದಿದ್ದರೆ, ನೂರು ವರ್ಷಗಳ ನಂತರ ಅದು ಪರೀಕ್ಷೆಯಾಯಿತು.

ಉರಿಯೂತದಿಂದ ಎಲ್ಲವೂ ಕಲ್ಲಿನಂತೆ ಗಟ್ಟಿಯಾಗಿ ತ್ರಿಕೋನ ಬಿಡಿಸಲಾಗದಿದ್ದರೆ? ಆಗ ಹಳೆಯ ರೀತಿಯಲ್ಲಿ ಹೊಟ್ಟೆ ತೆರೆಯಬಹುದು, ಇಲ್ಲವೇ ಪಿತ್ತಕೋಶದ ಮೇಲ್ಭಾಗವನ್ನಷ್ಟೇ ಕತ್ತರಿಸಿ ಕಲ್ಲು ತೆಗೆದು, ಬುಡವನ್ನು ಮುಟ್ಟದೆ ಹಿಂದೆ ಸರಿಯಬಹುದು. ಹಾಗೆ ಸರಿಯುವುದನ್ನು ಸೋಲೆಂದು ನೋಡುತ್ತಿದ್ದ ಕಾಲ ಹೋಯಿತು. ಕೆಲವು ಆಸ್ಪತ್ರೆಗಳಲ್ಲಿ ನಾಳಕ್ಕೆ ಕ್ಲಿಪ್ ಹಾಕುವ ಮೊದಲು ಎಲ್ಲರೂ ಕೈ ನಿಲ್ಲಿಸುತ್ತಾರೆ. ಪರದೆಯ ಮೇಲಿನ ತ್ರಿಕೋನವನ್ನು ಮುಂದಿನಿಂದೊಮ್ಮೆ, ಹಿಂದಿನಿಂದೊಮ್ಮೆ ತೋರಿಸಿ, ಇನ್ನೊಬ್ಬ ಶಸ್ತ್ರವೈದ್ಯರಿಂದ ಹೌದೆನ್ನಿಸಿಕೊಂಡು, ಅದರ ಚಿತ್ರ ತೆಗೆದು ರೋಗಿಯ ಕಡತಕ್ಕೆ ಸೇರಿಸುತ್ತಾರೆ. ಕತ್ತರಿ ಆಡುವುದು ಅದರ ನಂತರ.